ಅರ್ಧ ಬೋರಿಗೆ ಒಂದು ಬಾಂಡ್ ಪೇಪರ್

ರೊಕ್ಕದ ವಿಷಯದಲ್ಲಿ ನಾನು ಇಲ್ಲಿಯವರೆಗೆ ಯಾರ ಜೊತೆಗೂ ಜಗಳ ಮಾಡಿದವನಲ್ಲ. ಇಪ್ಪತ್ತೇಳು ವರ್ಷದಿಂದ ತಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಜಗಳ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ, ಅದು ಹುಟ್ಟದ ಹಾಗೆ ಬಂದೋಬಸ್ತು ಮಾಡುವ ಜಾಣತನ ನನಗಿದೆ ಎಂದು ನಂಬಿದ್ದೆ. ಆ ನಂಬಿಕೆಯಿಂದಲೇ ಹೋದ ಮಾರ್ಚಿನಲ್ಲಿ, ಹನ್ನೊಂದು ವರ್ಷ ತನ್ನಷ್ಟಕ್ಕೆ ತಾನು ನೆಟ್ಟಗೆ ನಡೆದಿದ್ದ ಒಂದು ಸ್ನೇಹವನ್ನು ಭದ್ರಪಡಿಸಲು ಹೊರಟೆ.

ವಿಜಯಪುರದಲ್ಲಿ ತೊರವಿ ರಸ್ತೆಯ ಕಡೆ ನಮ್ಮ ಮನೆ. ಪಕ್ಕದ್ದು ಮೈಬೂಬಸಾಬರ ಮನೆ. ಇಬ್ಬರೂ ಒಂದೇ ವರ್ಷ ಜಾಗ ಹಿಡಿದೆವು, ಒಂದೇ ವರ್ಷ ಕಟ್ಟಿಸಿದೆವು. ಕೈ ಬಿಗಿ ಇದ್ದದ್ದರಿಂದ ಎರಡು ಮನೆಗೂ ಸೇರಿ ಒಂದೇ ಬೋರ್ ಹಾಕಿಸಿದೆವು, ಸರಿಯಾಗಿ ನಡುವಿನ ಗೋಡೆಯ ಬುಡಕ್ಕೆ. ಬೋರಿನ ಮೀಟರ್ ನನ್ನ ಹೆಸರಲ್ಲಿ. ತಿಂಗಳಿಗೊಮ್ಮೆ ಬಿಲ್ ಬಂದಾಗ ನಾನು ಕಟ್ಟುತ್ತಿದ್ದೆ, ಅವರು ಅರ್ಧ ಕೊಡುತ್ತಿದ್ದರು. ಮೈಬೂಬಸಾಬರಿಗೆ ಬಬಲೇಶ್ವರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಮತ್ತೆ ಓಡುವ ಹಾಗೆ ಮಾಡುವ ಕೆಲಸ. ನಮ್ಮ ಬೋರಿನ ಮೋಟರ್ ಕೆಟ್ಟರೆ ಅವರೇ ಒಯ್ಯುತ್ತಿದ್ದರು, ಅವರೇ ತಂದು ಇಳಿಸುತ್ತಿದ್ದರು. ಅದಕ್ಕೆ ಎಷ್ಟು ಖರ್ಚಾಯಿತು, ಯಾರು ಕೊಟ್ಟರು ಅನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಗಣಿತದ ಮಾಸ್ತರನಾಗಿ ಇದು ನಾನು ಹೆಮ್ಮೆಯಿಂದ ಹೇಳುವ ಮಾತಲ್ಲ.

ಚಿಂತೆ ಹತ್ತಿಕೊಂಡದ್ದು ತಿಕೋಟಾದ ಚಹಾದ ಅಂಗಡಿಯಲ್ಲಿ. ಅಲ್ಲಿ ಒಣದ್ರಾಕ್ಷಿಯ ಶೆಡ್ ಒಂದನ್ನು ಇಬ್ಬರು ಪಾಲುದಾರರು ಬಹಳ ವರ್ಷ ಕೂಡಿ ನಡೆಸಿದ್ದರು. ಒಂದೇ ಕಪ್ಪಿನ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿಯುವುದನ್ನು ನಾನೇ ನೋಡಿದ್ದೆ. ಅವತ್ತು ಶೆಡ್ಡಿಗೆ ಕಟ್ಟಿದ ಬಲೆಯ ರೊಕ್ಕ ಯಾರು ಕೊಟ್ಟರು ಅನ್ನುವ ಮಾತಿಗೆ ಒಬ್ಬರ ಅಂಗಿ ಒಬ್ಬರು ಹಿಡಿದು ನಿಂತಿದ್ದರು. ಬಿಡಿಸಿ ಕಳಿಸಿದ ಮೇಲೆ ಚಹಾದವನು ನನ್ನ ಕಡೆ ತಿರುಗಿ ಹೇಳಿದ, “ಮದಲ ಬರದ ಇಟ್ಕೊಂಡಿದ್ರ ಇಷ್ಟೆಲ್ಲಾ ಆಗತಿರಲಿಲ್ಲ ನೋಡ್ರಿ ಸರ.”

ಆ ಮಾತು ತಲೆಯಲ್ಲಿ ಕೂತಿತು. ಬಸ್ಸಿನಲ್ಲಿ ಅದೇ ಯೋಚನೆ. ನಮ್ಮ ಬೋರಿಗೆ ಕಾಗದ ಎಲ್ಲಿದೆ? ನಾಳೆ ಮೋಟರ್ ಹೋದರೆ? ನೀರೇ ಹೋದರೆ? ನಾನು ಹೋದರೆ ನನ್ನ ಹೆಂಡತಿಗೆ ಅರ್ಧ ಬೋರ್ ಸಿಗುತ್ತದೋ ಇಲ್ಲವೋ? ಇಳಿಯುವ ಸ್ಟಾಪ್ ದಾಟಿ, ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ ಎಚ್ಚರವಾಯಿತು. ಅಲ್ಲಿಂದ ಮನೆಗೆ ಆಟೋದಲ್ಲಿ ಬಂದೆ. ಬಂದೋಬಸ್ತಿನ ಮೊದಲ ಹೆಜ್ಜೆಗೆ ಎಂಬತ್ತು ರೂಪಾಯಿ ಖರ್ಚಾಯಿತು.

ನನ್ನ ಹೆಂಡತಿ ಸುವರ್ಣಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳನ್ನು ಸಂಭಾಳಿಸಿ ರೂಢಿ ಇರುವುದರಿಂದ ನನ್ನ ಮಾತನ್ನೂ ತಾಳ್ಮೆಯಿಂದ ಕೇಳುತ್ತಾಳೆ.

“ಬೋರಿಗೆ ಒಂದು ಕರಾರು ಮಾಡಸ್ತೀನಿ,” ಅಂದೆ.

“ಯಾಕ್ರಿ, ಮೈಬೂಬಣ್ಣಾರ ಜೋಡಿ ಏನರೆ ಜಗಳ ಆತೇನು?”

“ಆಗಿಲ್ಲ. ಆಗಬಾರದು ಅಂತನ ಮಾಡ್ಸೂದು.”

“ಲೆಕ್ಕ ಐತಲ್ರಿ. ನಾನೂ ಶಮೀಮನೂ...”

“ಬಾಯಿಲೆ ಹೇಳಿದ ಲೆಕ್ಕ ಲೆಕ್ಕಲ್ಲ ಸುವರ್ಣಾ. ಕಾಗದದ ಮ್ಯಾಲೆ ಇರಬೇಕು.”

ಅವಳು ನನ್ನನ್ನು ಒಂದು ಗಳಿಗೆ ನೋಡಿ ಒಲೆಯ ಕಡೆ ತಿರುಗಿದಳು. ಒಪ್ಪಿಗೆ ಸಿಕ್ಕಿತು ಎಂದು ನಾನು ತಿಳಿದೆ.

ಕೋರ್ಟಿನ ಹತ್ತಿರ ಟೈಪ್ ಮಾಡುವವನೊಬ್ಬನ ಮುಂದೆ ಕೂತು ವಿಷಯ ಹೇಳಿದೆ. ಎರಡು ಮನೆ, ಒಂದು ಬೋರ್, ಖರ್ಚು ಸಮಪಾಲು. ಅವನು ನನ್ನ ಮುಖ ಸಹ ನೋಡದೆ ಟೈಪ್ ಮಾಡಿದ. ನಾನು ಮೊದಲ ಪುಟದ ಅಂಕಿಗಳನ್ನು ಎರಡು ಸಲ ಪರೀಕ್ಷಿಸಿದೆ. ಎರಡನೇ ಪುಟದಲ್ಲಿ ಅಂಕಿಗಳಿರಲಿಲ್ಲ, ಹೀಗಾಗಿ ಅದನ್ನು ಪರೀಕ್ಷಿಸುವ ಅಗತ್ಯ ಕಾಣಲಿಲ್ಲ. ಉತ್ತರಪತ್ರಿಕೆ ಕೊಡುವ ಮೊದಲು ಕೊನೆಯ ಪುಟದವರೆಗೆ ಓದಿ ಎಂದು ಸಾವಿರಾರು ಮಕ್ಕಳಿಗೆ ಹೇಳಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ.

ಅವತ್ತೇ ಸಂಜೆ ಬಾಂಡ್ ಪೇಪರ್ ಹಿಡಿದು ಮೈಬೂಬಸಾಬರ ಮನೆಗೆ ಹೋದೆ. ಅವರು ಆಗ ತಾನೇ ಬಬಲೇಶ್ವರದಿಂದ ಬಂದು ಕೈಕಾಲು ತೊಳೆದುಕೊಂಡು ಕೂತಿದ್ದರು. ಅವರ ಹೆಂಡತಿ ಶಮೀಮ್ ಚಹಾ ತಂದರು. ನಾನು ಗಂಟಲು ಸರಿಮಾಡಿಕೊಂಡು, ಸ್ನೇಹ ಬೇರೆ, ವ್ಯವಹಾರ ಬೇರೆ ಎಂದು ಶುರು ಮಾಡಿ ಐದು ನಿಮಿಷ ಮಾತಾಡಿದೆ. ಅವರು ಕನ್ನಡಕ ಹುಡುಕಿದರು, ಸಿಗಲಿಲ್ಲ. ಬಿ.ಎಡ್. ಮುಗಿಸಿದ ಮಗಳು ರೇಷ್ಮಾ ಕಾಗದ ಇಸಕೊಂಡು, ಸಾಲಿಯ ಪ್ರಾರ್ಥನೆಯಲ್ಲಿ ಪೇಪರ್ ಓದುವ ಹಾಗೆ ಗಟ್ಟಿಯಾಗಿ ಓದಿದಳು. ಮೊದಲ ಪುಟ ಚೆನ್ನಾಗಿ ಹೋಯಿತು. ಎರಡನೇ ಪುಟಕ್ಕೆ ಬಂದಳು.

“ಎರಡನೇ ಪಾರ್ಟಿಯವರು ಸದರಿ ಮನೆಯನ್ನು ಸುಣ್ಣ ಬಣ್ಣ ಮಾಡಿಸಿ, ಯಾವುದೇ ತಕರಾರಿಲ್ಲದೆ, ಒಂದು ತಿಂಗಳೊಳಗಾಗಿ ಖಾಲಿ ಮಾಡಿ ಒಂದನೇ ಪಾರ್ಟಿಯವರ ಸ್ವಾಧೀನಕ್ಕೆ ಕೊಡತಕ್ಕದ್ದು.”

ಅವಳು ಓದುವುದನ್ನು ನಿಲ್ಲಿಸಿ ಅಪ್ಪನ ಕಡೆ ನೋಡಿದಳು. “ಅಬ್ಬಾ, ಎರಡನೇ ಪಾರ್ಟಿ ಅಂದ್ರ ನಾವು.”

ಟೈಪಿನವನು ಯಾವುದೋ ಬಾಡಿಗೆ ಮನೆಯ ಕರಾರಿನ ಮೇಲೆ ನಮ್ಮ ಬೋರನ್ನು ಕೂರಿಸಿದ್ದ.

“ಮಾಸ್ತರ್ರ, ಇದು ನಂದ ಮನಿರಿ,” ಅಂದರು ಮೈಬೂಬಸಾಬರು.

“ಗೊತ್ತೈತಿ.”

“ನಾನ ಕಟ್ಟಿಸೀನಿ.”

“ಗೊತ್ತೈತ್ರಿ. ಅದು ಟೈಪಿನ ತಪ್ಪು.”

“ಸುಣ್ಣಾ ಹಚ್ಚಿ ಹೋಗಬೇಕೇನ್ರಿ?”

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟು, ಬಹಳ ಸಣ್ಣ ದನಿಯಲ್ಲಿ ಕೇಳಿದರು, “ಖಾಲಿ ಮಾಡೂದು ಟೈಪಿನವನ ತಪ್ಪು ಅಂತ ತಿಳಕೊಂಡೆ. ಆದ್ರ ಕಾಗದ ಮಾಡಸ್ಬೇಕು ಅಂತ ನಿಮಗ ಅನಿಸಿತಲ್ಲ, ಹನ್ನೊಂದು ವರ್ಷದಾಗ ನಾ ಯಾವಾಗರೆ ನಿಮ್ಮ ರೊಕ್ಕ ಇಟ್ಕೊಂಡೀನೇನ್ರಿ?”

ಚಹಾ ಅರ್ಧ ಬಿಟ್ಟು ಬಂದೆ.

ತಿಂಗಳ ಮೊದಲ ದಿನ ಫೋನ್ ಟಣ್ ಅಂದಿತು. ಮೈಬೂಬಸಾಬರು ಬಿಲ್ಲಿನ ರೊಕ್ಕ ಹಾಕಿದ್ದರು. ಅರ್ಧ ಅಲ್ಲ, ಪೂರ್ತಿ. ಸಾವಿರದ ಮುನ್ನೂರ ನಲವತ್ತು.

ಅದರ ಅರ್ಥ ನನಗೆ ಚೆನ್ನಾಗಿ ತಿಳಿಯಿತು. ಆದರೆ ಆ ಹೆಚ್ಚಿನ ಆರುನೂರ ಎಪ್ಪತ್ತು ರೂಪಾಯಿ ಏನು ಮಾಡಬೇಕು ಅನ್ನುವುದು ತಿಳಿಯಲಿಲ್ಲ. ವಾಪಸ್ ಕಳಿಸಿದರೆ ಅವಮಾನ. ಇಟ್ಟುಕೊಂಡರೆ ಕಳವು. ಆ ರೊಕ್ಕವನ್ನು ಒಂದು ಲಕೋಟೆಯಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ದಿನಾ ಅವರ ಬಾಗಿಲ ಮುಂದೆ ಹಾಯುವಾಗ ಅದು ಇಟ್ಟಂಗಿಯಷ್ಟು ಭಾರ ಆಗುತ್ತಿತ್ತು. ಅವರು ಮೋಟರ್ ಸೈಕಲ್ ಮೇಲೆ ಎದುರಾದರೆ “ನಮಸ್ಕಾರ್ರಿ ಸರ್” ಅನ್ನುತ್ತಿದ್ದರು. ಹನ್ನೊಂದು ವರ್ಷ ಮಾಸ್ತರ್ರ ಆಗಿದ್ದವನು ಈಗ ಸರ್ ಆಗಿದ್ದೆ. ವರ್ಗದಲ್ಲಿ ಒಂದು ದಿನ ಹಲಗೆಯ ಮೇಲೆ ಇಬ್ಬರು ಪಾಲುದಾರರ ಲೆಕ್ಕ ಬರೆದು, ಬಿಡಿಸಲು ಮನಸ್ಸಾಗದೆ ಅಳಿಸಿದೆ.

ಈ ಸ್ಥಿತಿಯಲ್ಲಿ ಮನುಷ್ಯ ಸುಮ್ಮನಿರಬೇಕು. ನಾನು ಟೈಮರ್ ತಂದೆ.

ನನ್ನ ವಿಚಾರ ಹೀಗಿತ್ತು. ಕಾಗದ ಅಂದರೆ ಅನುಮಾನ. ಯಂತ್ರ ಅಂದರೆ ನ್ಯಾಯ. ಬೆಳಿಗ್ಗೆ ಅರ್ಧ ತಾಸು ಮೋಟರ್ ತಾನೇ ಓಡಿ ನಮ್ಮ ಟಾಕಿ ತುಂಬಲಿ, ಸಂಜೆ ಅರ್ಧ ತಾಸು ಓಡಿ ಅವರ ಟಾಕಿ ತುಂಬಲಿ. ನೀರೂ ಸಮ, ಕರೆಂಟೂ ಸಮ. ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಸಾವಿರದ ಎಂಟುನೂರು ಕೊಟ್ಟು ತಂದು, ಒಬ್ಬ ವೈರ್‌ಮನ್‌ನಿಂದ ಸ್ಟಾರ್ಟರಿಗೆ ಕೂಡಿಸಿದೆ. ಮೈಬೂಬಸಾಬರನ್ನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಸುವರ್ಣಾ ಮಾತ್ರ ಪೆಟ್ಟಿಗೆ ನೋಡಿ ಹೇಳಿದಳು, “ಈಗ ಬ್ಯಾಸಗಿ. ಹತ್ತ ನಿಮಿಷಕ್ಕ ನೀರ ಹಿಂದಕ ಸರೀತಾವ. ನಾವು ಸಪ್ಪಳ ಕೇಳಿ ಬಂದ್ ಮಾಡ್ತೀವಿ. ಈ ಡಬ್ಬಿಗೆ ಕಿವಿ ಎಲ್ಲಿ ಐತಿ?”

“ತಾಂತ್ರಿಕ ವಿಷಯ, ನಿನಗ ತಿಳಿಯಂಗಿಲ್ಲ,” ಅಂದೆ.

ಅದು ಶುಕ್ರವಾರ ರಾತ್ರಿ. ಶನಿವಾರ ಬೆಳಗಿನ ಸಾಲಿ ಮುಗಿಸಿ ಮಧ್ಯಾಹ್ನ ಬಂದಾಗ ಗೋಡೆಯ ಹತ್ತಿರ ಸುಟ್ಟ ವಾಸನೆ. ಸ್ಟಾರ್ಟರ್ ಮುಟ್ಟಿದರೆ ಬಿಸಿ. ಗುಂಡಿ ಒತ್ತಿದರೆ ಉತ್ತರವಿಲ್ಲ. ಹತ್ತು ಗಂಟೆಗೆ ಟೈಮರ್ ತನ್ನ ಕರ್ತವ್ಯ ಮಾಡಿತ್ತು. ನೀರು ಹತ್ತು ನಿಮಿಷಕ್ಕೆ ಮುಗಿದಿತ್ತು. ಉಳಿದ ಇಪ್ಪತ್ತು ನಿಮಿಷ ಮೋಟರ್ ನೀರಿಲ್ಲದೆ ಒಣಾ ತಿರುಗಿ ಪ್ರಾಣ ಬಿಟ್ಟಿತ್ತು.

ಆಗ ನೆನಪಾಯಿತು. ಭಾನುವಾರ ರೇಷ್ಮಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಹದಿನೈದು ಮಂದಿ. ಶಮೀಮ್ ಅವರು ಸುವರ್ಣಾಳಿಂದ ದೊಡ್ಡ ಪಾತೇಲಿಗಳನ್ನು ಒಯ್ದಿದ್ದರು. ಅವರ ಮನೆಯಲ್ಲಿ ಆಗ ಯಾರೂ ಇರಲಿಲ್ಲ, ತಾಯಿ ಮಗಳು ಬಾಜಾರಿಗೆ ಹೋಗಿದ್ದರು. ಅವರ ಟಾಕಿಯ ಮೇಲೆ ಬಡಿದು ನೋಡಿದೆ. ಟೊಳ್ಳು ಸಪ್ಪಳ.

ಒಳ್ಳೆಯ ಮನುಷ್ಯ ಆ ಗಳಿಗೆಯಲ್ಲಿ ಫೋನ್ ಮಾಡಿ ನಿಜ ಹೇಳುತ್ತಾನೆ. ನಾನು ಯಾರಿಗೂ ತಿಳಿಯುವ ಮೊದಲೇ ರಿಪೇರಿ ಮಾಡಿಸುವ ದಾರಿ ಹಿಡಿದೆ. ತಿಕೋಟಾದಲ್ಲಿ ಬೋರಿನಿಂದ ಮೋಟರ್ ಎತ್ತುವ ಕೆಲಸ ಮಾಡುವ ಪರಸು ನನ್ನ ಹಳೆಯ ವಿದ್ಯಾರ್ಥಿ. ಅವನು ಗಾಡಿ, ಚೈನು ತೆಗೆದುಕೊಂಡು ಎರಡು ತಾಸಿನಲ್ಲಿ ಬಂದ. ಮೋಟರ್ ಎತ್ತಿ ಮೂಸಿ ನೋಡಿ, “ಪೂರಾ ಸುಟ್ಟೈತ್ರಿ ಸರ. ವೈಂಡಿಂಗ್ ಮಾಡಸಬೇಕು,” ಅಂದ.

“ಎಲ್ಲರೆ ಮಾಡ್ಸು. ಲಗೂನ ಮಾಡ್ಸು. ಯಾರಿಗೂ ಹೇಳಬ್ಯಾಡ.”

“ಇದರಾಗ ಹೇಳಂತಾದ್ದು ಏನ್ರಿ ಸರ? ನನಗ ಒಬ್ಬ ಛಲೋ ಮನಷ್ಯಾ ಗೊತ್ತಾನ, ಬರೊಬ್ಬರಿ ಮಾಡಿಕೊಡ್ತಾನ,” ಅಂದು ಮೋಟರ್ ಹಾಕಿಕೊಂಡು ಹೋದ.

ನಾನು ಸಮಾಧಾನದಿಂದ ಬಿಪಿ ಗುಳಿಗೆ ನುಂಗಿ ಕೂತೆ. ಸಂಜೆ ಐದರ ಸುಮಾರಿಗೆ ಪರಸುವಿನ ಫೋನ್ ಬಂತು.

“ಸರ, ನಾ ಬಬಲೇಶ್ವರದಾಗ ಅದೀನಿ. ಅಂಗಡಿ ಮಾಲಕರು ನಿಮ್ಮ ಜೋಡಿ ಮಾತಾಡ್ತಾರಂತ. ಕೊಡ್ಲ್ಯಾ?”

ಬಬಲೇಶ್ವರ ಅನ್ನುವ ಹೆಸರು ಕೇಳಿದಾಗಲೇ ನಾನು ಫೋನ್ ಇಡಬೇಕಿತ್ತು. “ಕೊಡು,” ಅಂದೆ.

“ನಮಸ್ಕಾರ್ರಿ ಸರ್,” ಅಂದಿತು ಆ ಕಡೆಯ ದನಿ. “ಈ ಮೋಟರ್ ನನಗ ಗುರ್ತ ಐತಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಾನ ನಾಕ ಸಲ ಸುತ್ತೀನಿ ಇದನ್ನ. ಎಷ್ಟೊತ್ತು ಒಣಾ ಓಡಿಸೀರಿ?”

“ಇಪ್ಪತ್ತ ನಿಮಿಷ,” ಅಂದೆ. ಕೊನೆಗೂ ಒಂದು ಸರಿಯಾದ ಲೆಕ್ಕ ಒಪ್ಪಿಸಿದೆ.

“ನೀರಿಲ್ಲ ಅಂತ ಶಮೀಮಗ ಹೇಳಿರೇನು?”

“ಇಲ್ರಿ.”

ಅಂಗಡಿಯಲ್ಲಿ ಯಾವುದೋ ಯಂತ್ರ ತಿರುಗುವ ಸಪ್ಪಳ ಕೇಳುತ್ತಿತ್ತು. ಇನ್ನು ಈ ಮನುಷ್ಯ ನನ್ನ ಮುಖ ನೋಡುವುದಿಲ್ಲ, ನಡುವಿನ ಗೋಡೆ ಇನ್ನೂ ಎರಡು ಅಡಿ ಏಳುತ್ತದೆ, ಸುವರ್ಣಾ ಶಮೀಮ್ ಗೋಡೆಯ ಆಚೆ ಈಚೆ ನಿಂತು ಕಣ್ಣು ತಪ್ಪಿಸುತ್ತಾರೆ ಎಂದೆಲ್ಲ ಕಂಡಿತು.

“ವೈಂಡಿಂಗ್ ಮಾಡೂದು ಆಕೈತಿ, ಒಣಗಸಾಕ ಟೈಮ್ ಬೇಕು. ನಾಳಿಗಿ ಮಧ್ಯಾನದ ಮದಲ ಬರಂಗಿಲ್ಲ,” ಅಂದರು ಮೈಬೂಬಸಾಬರು. “ಮಂದಿ ಹನ್ನೊಂದಕ್ಕ ಬರ್ತಾರ. ನೀವು ಮದಲ ಟ್ಯಾಂಕರ್ ಹೇಳ್ರಿ. ಶಮೀಮಗ ನೀವ ಹೇಳ್ರಿ, ನಾ ಹೇಳಂಗಿಲ್ಲ. ಉಳಿದದ್ದು ಆಮ್ಯಾಲೆ.”

ಶಮೀಮ್ ಅವರಿಗೆ ಹೇಳಲು ಅವರ ಬಾಗಿಲಿಗೆ ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂದೆ. ನಾಲ್ಕನೇ ಸಲ ಸುವರ್ಣಾ ಹಿಂದಿನಿಂದ ಬಂದು ನನ್ನನ್ನು ಮುಂದಕ್ಕೆ ದೂಡಿದಳು. ಶಮೀಮ್ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು, “ಟೈಮರ್ ಕೂಡ್ಸೀನಿ ಅಂತ ಮುಂಜಾನಿನ ಹೇಳಿದ್ರ ಬಾಜಾರಕ್ಕ ಹೋಗೂ ಮದಲ ಎರಡ ಕೊಡ ತುಂಬಿ ಇಡತಿದ್ನಿ ಅಲ್ರಿ ಅಣ್ಣಾರ?” ಬೈದಿದ್ದರೆ ಹಗುರಾಗುತ್ತಿತ್ತು.

ಟ್ಯಾಂಕರ್ ಬಂದದ್ದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಆಗ ನಾನು ಸ್ನಾನದ ಕೋಣೆಯಲ್ಲಿ, ಉಳಿದಿದ್ದ ಒಂದು ಬಕೆಟ್ ನೀರಿನಲ್ಲಿ ಮುಖ ತೊಳೆಯುತ್ತಿದ್ದೆ. ಫೋನಿನಲ್ಲಿ ವಿಳಾಸ ಕೊಟ್ಟವನು ನಾನು, ಕೊಟ್ಟ ವಿಳಾಸ ನನ್ನದು. ಡ್ರೈವರ್ ನೆಟ್ಟಗೆ ನಮ್ಮ ಟಾಕಿಗೆ ಪೈಪ್ ಹಾಕಿ, ಕೊನೆಯ ಹನಿಯವರೆಗೆ ತುಂಬಿಸಿ, ರೊಕ್ಕಕ್ಕೆ ಬಾಗಿಲು ಬಡಿದ. ಹೊರಗೆ ಬಂದು ನೋಡಿದರೆ ಹದಿನೈದು ಮಂದಿ ಬರುವ ಮನೆಯಲ್ಲಿ ಒಂದು ಹನಿ ಇಲ್ಲ, ಇಬ್ಬರಿರುವ ಮನೆಯಲ್ಲಿ ಟಾಕಿ ತುಂಬಿ ಹರಿಯುತ್ತಿದೆ. ಬೀದಿಯಲ್ಲಿ ಯಾರು ನೋಡಿದರೂ ಇದು ಬೇಕೆಂದೇ ಮಾಡಿದ್ದು ಎಂದೇ ಅಂದುಕೊಳ್ಳಬೇಕು.

ಎರಡನೇ ಟ್ಯಾಂಕರ್ ಹನ್ನೆರಡರ ಮೊದಲು ಸಿಗುವುದಿಲ್ಲ ಅಂದರು. ನಾನು ಲುಂಗಿ ಎತ್ತಿ ಕಟ್ಟಿ ಕೊಡ ಹೊತ್ತೆ. ನಮ್ಮ ನಳದಿಂದ ಅವರ ಬಚ್ಚಲಿಗೆ, ಅಡುಗೆಮನೆಗೆ, ಅಂಗಳದ ಡ್ರಮ್ಮಿಗೆ. ಐವತ್ತನಾಲ್ಕು ವರ್ಷದ ಸೊಂಟ ಹತ್ತನೇ ಕೊಡಕ್ಕೆ ಮಾತಾಡತೊಡಗಿತು. ಇಪ್ಪತ್ತನೇ ಕೊಡದ ಹೊತ್ತಿಗೆ ಗಂಡಿನ ಕಡೆಯವರ ಗಾಡಿ ಬಂತು. ಅಂಗಳದಲ್ಲಿ ಮೊದಲು ಇಳಿದ ಹಿರಿಯರೊಬ್ಬರು, ತೋಯ್ದ ಬನಿಯನ್ನಿನಲ್ಲಿ ನಿಂತಿದ್ದ ನನ್ನನ್ನು ನೋಡಿ ನಿಂತರು.

“ಕೊಡಕ್ಕ ಎಷ್ಟ ತೊಗೋತೀಯೋ ತಮ್ಮಾ? ನಮ್ಮ ಕಡೆನೂ ನೀರಿನ ತ್ರಾಸ ಬಾಳ ಐತಿ.”

ನಾನು ಬಾಯಿ ತೆರೆಯುವ ಮೊದಲು ಬಾಗಿಲಲ್ಲಿ ನಿಂತಿದ್ದ ಮೈಬೂಬಸಾಬರು ಇಳಿದು ಬಂದರು. ನನ್ನ ಕೈಯಿಂದ ಕೊಡ ಇಸಕೊಂಡು ಹೇಳಿದರು, “ಇವರು ನಮ್ಮ ಮಾಸ್ತರ್ರು. ಬೋರಿನ್ಯಾಗ ನಮ್ಮ ಪಾಲುದಾರರು. ಒಳಗ ಬರ್ರಿ ಮಾಸ್ತರ್ರ, ಅಂಗಿ ಹಾಕ್ಕೊಂಡು ಬರ್ರಿ, ನಾಷ್ಟಾ ಮಾಡೂಣು.”

ಮೂರು ವಾರದ ಮೇಲೆ ಸರ್ ಹೋಗಿ ಮಾಸ್ತರ್ರ ಬಂದಿತ್ತು. ಮಧ್ಯಾಹ್ನ ಮೋಟರ್ ಬಂತು, ಪರಸು ಇಳಿಸಿದ, ನೀರು ಬಂತು. ರೇಷ್ಮಾಳ ಸಂಬಂಧವೂ ಕೂಡಿತು. ಅದರಲ್ಲಿ ನನ್ನ ಪಾಲೇನೂ ಇಲ್ಲ ಎಂದು ಸುವರ್ಣಾ ಸ್ಪಷ್ಟಪಡಿಸಿದ್ದಾಳೆ.

ಸೋಮವಾರ ಸಂಜೆ ಲಕೋಟೆ ಹಿಡಿದು, ಕೊಡಬೇಕಾದದ್ದನ್ನೆಲ್ಲ ಕೊಟ್ಟು ಕ್ಷಮೆ ಕೇಳಲು ಹೊರಟೆ. ಬೋರಿನ ಕಟ್ಟೆಯ ಮೇಲೆ ಸುವರ್ಣಾ ಮತ್ತು ಶಮೀಮ್ ಸೊಪ್ಪು ಸೋಸುತ್ತಾ ಕೂತಿದ್ದರು. ಮೈಬೂಬಸಾಬರು ಗೋಡೆಗೆ ಒರಗಿ ನಿಂತಿದ್ದರು.

“ನಾಕ ಸಲ ವೈಂಡಿಂಗ್ ಮಾಡೀರಿ,” ಅಂದೆ ನಾನು. “ಅದರ ರೊಕ್ಕ ನಾ ಒಮ್ಮೆನೂ ಕೊಟ್ಟಿಲ್ಲ. ಎಷ್ಟಾತು ಹೇಳ್ರಿ.”

ಮೈಬೂಬಸಾಬರು ಹೆಂಡತಿಯ ಕಡೆ ನೋಡಿದರು. ಶಮೀಮ್ ಸುವರ್ಣಾಳ ಕಡೆ ನೋಡಿದರು.

“ಎಲ್ಲಾ ಮುಟ್ಟೇತ್ರಿ ಅಣ್ಣಾರ,” ಅಂದರು ಶಮೀಮ್. “ಸುವರ್ಣಾ ವೈನಿ ಆವಾಗಾವಾಗ ಕೊಟ್ಟಾರ.”

ವಿಷಯ ಇಷ್ಟು. ಹನ್ನೊಂದು ವರ್ಷದಿಂದ ಆ ಇಬ್ಬರು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಆ ಕಟ್ಟೆಯ ಮೇಲೆ ಕೂತು ಎಲ್ಲ ಚುಕ್ತಾ ಮಾಡಿಕೊಂಡಿದ್ದರು. ತಂತಿಯ ಖರ್ಚು ಅರ್ಧರ್ಧ, ಮೈಬೂಬಸಾಬರ ಕೂಲಿ ಇಲ್ಲ, ಅದರ ಬದಲಿಗೆ ಪೈಪಿನ ಖರ್ಚು ನಮ್ಮದು. ಸಾವಿರದ ಮೇಲಿನ ಖರ್ಚಾದರೆ ಮೊದಲು ಇನ್ನೊಬ್ಬರನ್ನು ಕೇಳಬೇಕು. ಏನಾದರೂ ಕೆಟ್ಟರೆ ಅವತ್ತೇ ಹೇಳಬೇಕು. ಆ ತಿಂಗಳದ್ದು ಮುಂದಿನ ತಿಂಗಳಿಗೆ ಹೋಗಬಾರದು. ಇಷ್ಟು ಸರಳ, ಇಷ್ಟು ಗಟ್ಟಿ ಕರಾರನ್ನು ನಾನು ಟೈಪ್ ಮಾಡಿಸಿದ ಎರಡು ಪುಟದಲ್ಲಿ ಕಂಡಿರಲಿಲ್ಲ.

“ನನಗ್ಯಾಕ ಹೇಳಲಿಲ್ಲ?” ಎಂದು ಸುವರ್ಣಾಳನ್ನು ಕೇಳಿದೆ.

“ಹೇಳೀನ್ರಿ. ನಾಕ ಸಲನೂ ಹೇಳೀನಿ. ನೀವು ಪೇಪರ್ ತಿದ್ದಾಕತ್ತಿದ್ರಿ. ಹೂಂ ಅಂದ್ರಿ.”

ಮೈಬೂಬಸಾಬರು ಗೋಡೆಯ ಕಡೆ ಮುಖ ಮಾಡಿ ನಕ್ಕರು. ಅವರ ಹೆಗಲು ಅಲುಗುತ್ತಿತ್ತು. ನಂತರ ತಿರುಗಿ, “ಸಿಟ್ಟಿಗೆದ್ದು ಪೂರಾ ಬಿಲ್ ಹಾಕಿದ್ದು ನನ್ನ ತಪ್ಪು. ನಾನೂ ಮನ್ಯಾಗ ಕೇಳಿದ್ರ ಗೊತ್ತಾಗತಿತ್ತು,” ಅಂದರು.

ಅಲ್ಲೇ ತೀರ್ಮಾನವಾಯಿತು. ಲಕೋಟೆ ಮೈಬೂಬಸಾಬರಿಗೆ ವಾಪಸ್. ಸುಟ್ಟ ಮೋಟರಿನ ಖರ್ಚು, ಪರಸುವಿನ ಕೂಲಿ, ಟ್ಯಾಂಕರ್, ಟೈಮರ್, ಬಾಂಡ್ ಪೇಪರ್ ಎಲ್ಲ ನನ್ನ ಒಬ್ಬನ ಪಾಲಿಗೆ, ಯಾಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ. ನ್ಯಾಯವಾಗಿತ್ತು. ಒಟ್ಟು ಮಾಡಿದರೆ ನಮ್ಮ ಪಾಲಿನ ಹದಿನೇಳು ತಿಂಗಳ ಕರೆಂಟ್ ಬಿಲ್ಲಿನಷ್ಟು ಬಂತು. ಆಗದ ಜಗಳವನ್ನು ತಡೆಯಲು ನಾನು ಮಾಡಿದ ಖರ್ಚು ಅದು.

ಇನ್ನು ಮೇಲೆ ತಿಂಗಳ ಲೆಕ್ಕಕ್ಕೆ ನಾನೂ ಕೂರುತ್ತೇನೆ ಎಂದು ಕೇಳಿಕೊಂಡೆ. ಇಬ್ಬರು ಹೆಣ್ಣುಮಕ್ಕಳೂ ಗಾಬರಿಯಾದರು. ಶಮೀಮ್ ಬಹಳ ಮರ್ಯಾದೆಯಿಂದ, “ನಿಮಗ ಸುಮ್ಕ ಬಿಪಿ ಏರ್ತೈತ್ರಿ ಅಣ್ಣಾರ,” ಅಂದರು. ಕಡೆಗೆ ಸುವರ್ಣಾ ಒಂದು ದಾರಿ ತೆಗೆದಳು. ಅವರು ಲೆಕ್ಕ ಮಾಡುವ ದಿನ ಚಹಾ ಮಾಡಿ ಕೊಡುವ ಕೆಲಸ ನನಗೆ.

ಮೊದಲ ತಿಂಗಳೇ ಹಾಲು ಒಡೆಯಿತು. ಅದು ಯಾರ ಪಾಲಿನ ಖರ್ಚು ಎಂದು ನಾನು ಕೇಳಲಿಲ್ಲ. ಕಿರಾಣಿ ಅಂಗಡಿಗೆ ಹೋಗಿ ಇನ್ನೊಂದು ಪಾಕೀಟು ತಂದೆ.